ಗೋಡೆ ಕಂಪನಿಯದು, ಬಟ್ಟೆ ನಮ್ಮದು

ಭದ್ರಾವತಿಯ ಹಳೇ ಕ್ವಾರ್ಟರ್ಸುಗಳಲ್ಲಿ ಮೊಳೆ ಹೊಡೆಯುವುದು ಸುಲಭದ ಕೆಲಸವಲ್ಲ. ಮೊದಲ ಏಟಿಗೆ ಸುಣ್ಣದ ಚಕ್ಕೆ ಏಳುತ್ತದೆ. ಎರಡನೆಯದಕ್ಕೆ ಗಾರೆ ಪುಡಿಪುಡಿಯಾಗಿ ಉದುರುತ್ತದೆ. ಮೂರನೆಯದಕ್ಕೆ ಮೊಳೆಯೇ ಬಾಗುತ್ತದೆ. ಅದಕ್ಕೇ ಇಲ್ಲಿಯ ಹೆಂಗಸರು ಹೊಸ ಮೊಳೆಯ ಗೋಜಿಗೆ ಹೋಗದೆ, ಆ ಮನೆಯಲ್ಲಿ ಹಿಂದೆ ಇದ್ದವರು ಹೊಡೆದಿಟ್ಟು ಹೋದ ಮೊಳೆಗಳನ್ನೇ ನಂಬಿ ಸಂಸಾರ ಹೂಡಿದರು. ಒಂದಕ್ಕೆ ಕ್ಯಾಲೆಂಡರು, ಒಂದಕ್ಕೆ ಗಡಿಯಾರ, ಇನ್ನೊಂದಕ್ಕೆ ಅತ್ತೆ-ಮಾವನ ಫೋಟೊ. ಮಿಕ್ಕ ಮೊಳೆಗೆ ಬಟ್ಟೆ.

ಬಟ್ಟೆ ಎಂದರೆ ಒಗೆದು ನೇತುಹಾಕಿದ್ದಲ್ಲ, ಗೋಡೆಗೆಂದೇ ಹೊಲಿದದ್ದು. ಈ ಕ್ವಾರ್ಟರ್ಸುಗಳಿರುವ ನ್ಯೂಟೌನಿನಲ್ಲೋ ಕಾಗದನಗರದಲ್ಲೋ ಐವತ್ತು ವರ್ಷ ಹಿಂದೆ ಮದುವೆಯಾಗಿ ಬಂದ ಯಾವ ಅಜ್ಜಿಯನ್ನಾದರೂ ಕೇಳಿ, ಟ್ರಂಕಿನ ತಳದಿಂದ ಒಂದನ್ನಾದರೂ ತೆಗೆದು ತೋರಿಸುತ್ತಾರೆ. ನನಗೆ ತೋರಿಸಿದ್ದು ಸುಮಾರು ಎರಡು ಮೊಳ ಉದ್ದದ ಮ್ಯಾಟಿ ಬಟ್ಟೆ. ಒಂದು ಕಾಲಕ್ಕೆ ಕೆನೆಬಣ್ಣವಿದ್ದದ್ದು ಈಗ ಹಳದಿಗೆ ತಿರುಗಿದೆ. ಕೊಕ್ಕಿಗೆ ಕೊಕ್ಕು ತಾಗಿಸಿ ಕೂತ ಎರಡು ಗಿಳಿ, ನಡುವೆ ಗುಲಾಬಿ, ಕೆಳಗೆ ಕೆಂಪು ದಾರದಲ್ಲಿ ‘ಸುಸ್ವಾಗತ’. ಎಲ್ಲವೂ ಕ್ರಾಸ್ ಸ್ಟಿಚ್. ಬಟ್ಟೆಯ ಚೌಕಗಳನ್ನು ಎಣಿಸಿಕೊಂಡು ಪುಟ್ಟ ಪುಟ್ಟ ಕತ್ತರಿ ಗುರುತುಗಳನ್ನು ಹಾಕುತ್ತಾ ಹೋಗುವ ಹೊಲಿಗೆ ಇದು. ಎಣಿಕೆ ತಪ್ಪಿದರೆ ಗಿಳಿಯ ಹೊಟ್ಟೆ ಉಬ್ಬುತ್ತದೆ. ಇಲ್ಲಿ ಗಿಳಿಗಳು ಸರಿಯಾಗಿವೆ, ಅಕ್ಷರದಲ್ಲಿ ಲೆಕ್ಕ ಹಾರಿದೆ. ‘ಸುಸ್ವಾ’ ಧಾರಾಳವಾಗಿ ಕಾಲು ಚಾಚಿ ಕೂತುಬಿಟ್ಟಿದ್ದರಿಂದ ಪಾಪ ಆ ಕೊನೆಯ ‘ತ’ ಅಂಚಿಗೆ ಒತ್ತಿಕೊಂಡು ನಿಂತಿದೆ. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಗಂಟುಗಳು, ಹಸಿರಿನಿಂದ ಕೆಂಪಿಗೆ ಅಡ್ಡಾದಿಡ್ಡಿ ಹಾರಿದ ಎಳೆಗಳು, ಅವುಗಳನ್ನು ಮುಚ್ಚಲು ಮೈದಾ ಅಂಟಿನಿಂದ ಹಚ್ಚಿದ ಹಳೇ ಪತ್ರಿಕೆ. ಆ ಪತ್ರಿಕೆಯ ಕಾಗದವೂ ಇದೇ ಊರಿನ ಎಂಪಿಎಂ ಕಾಗದದ ಮಿಲ್ಲಿನಲ್ಲಿ ತಯಾರಾದದ್ದಿರಬಹುದು.

“ಆರೆಳೆ ದಾರದಲ್ಲಿ ಎರಡೆಳೆ ಬಿಡಿಸ್ಕೊಂಡು ಹೊಲೀಬೇಕು. ಮೂರೆಳೆ ತಗೊಂಡ್ರೆ ದಪ್ಪ ಆಗುತ್ತೆ, ಒಂದೆಳೆ ಆದ್ರೆ ಬಟ್ಟೆ ಕಾಣುತ್ತೆ” ಎಂದರು ಅಜ್ಜಿ. ಆಂಕರ್ ದಾರದ ಲಡಿಯ ಮೇಲಿನ ಬಣ್ಣದ ನಂಬರು ಅವರಿಗೆ ಇವತ್ತಿಗೂ ಬಾಯಿಪಾಠ. ಗಿಳಿಯ ನಮೂನೆ ಅವರದಲ್ಲ, ಪಕ್ಕದ ಸಾಲಿನ ತಮಿಳು ಅಕ್ಕನದು. ಆ ಅಕ್ಕನಿಗೆ ಅದು ಸೇಲಂ ಕಡೆಯ ತವರಿನಿಂದ ಬಂದಿತ್ತಂತೆ. ಅದನ್ನು ಕಾರ್ಬನ್ ಪೇಪರಿನಲ್ಲಿ ಒತ್ತಿಕೊಂಡು ಸಾಲಿನ ಅಷ್ಟೂ ಮನೆಯವರು ಹೊಲಿದರು. ಆ ವರ್ಷ ಯಾರ ಮನೆಗೆ ಅರಿಶಿನ-ಕುಂಕುಮಕ್ಕೆ ಹೋದರೂ ಅದೇ ಜೋಡಿ ಗಿಳಿ ಕಾಣಿಸುತ್ತಿತ್ತು. ರೆಕ್ಕೆಗೆ ಯಾರು ಯಾವ ಹಸಿರು ಹಾಕಿದರು ಅನ್ನುವುದರ ಮೇಲೆ ಮಾತು ನಡೆಯುತ್ತಿತ್ತು.

ಈ ಊರು ಇರುವುದೇ ಹಾಗೆ, ಎಲ್ಲೆಲ್ಲಿಂದಲೋ ಬಂದವರು ಸೇರಿ ಆದದ್ದು. ಬೆಂಕಿಪುರವೆಂಬ ಹೊಳೆದಂಡೆಯ ಸಣ್ಣ ಊರಿಗೆ 1918ರ ಸುಮಾರಿಗೆ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆಯ ಕೆಲಸ ಬಂತು. ಸುತ್ತಲ ಕಾಡಿನ ಸೌದೆಯಿಂದ ಇದ್ದಿಲು ಮಾಡಿ, ಆ ಇದ್ದಿಲಿನಿಂದ ಅದಿರು ಕರಗಿಸುವುದು ಯೋಜನೆ. ಹಾಗಾಗಿಯೇ ಆಗ ಅದರ ಹೆಸರು ‘ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್’. 1923ರ ಜನವರಿಯಲ್ಲಿ ಕುಲುಮೆ ಶುರುವಾಯಿತು. ವಿಶ್ವೇಶ್ವರಯ್ಯನವರ ಉಸ್ತುವಾರಿಯಲ್ಲಿ ಕಾರ್ಖಾನೆ ಕುದುರಿಕೊಂಡಿತು, ಕೊನೆಗೆ ಅವರ ಹೆಸರನ್ನೇ ಹೊತ್ತು ವಿಐಎಸ್‌ಎಲ್ ಆಯಿತು. 1936ರಲ್ಲಿ ಮೈಸೂರು ಪೇಪರ್ ಮಿಲ್ಸ್, ಅಂದರೆ ಎಂಪಿಎಂ, ಹುಟ್ಟಿತು. ಕೆಲಸ ಹುಡುಕಿಕೊಂಡು ಮೈಸೂರು ಸೀಮೆಯವರು, ತಮಿಳರು, ತೆಲುಗರು, ಮಲಯಾಳಿಗಳು, ಬಯಲುಸೀಮೆಯವರು, ಕರಾವಳಿಯವರು ಬಂದರು. ಬಂದವರಿಗೆಲ್ಲ ಕಂಪನಿ ಒಂದೇ ಅಚ್ಚಿನ ಮನೆ ಕೊಟ್ಟಿತು. ಅದೇ ಹಜಾರ, ಅದೇ ಅಡುಗೆಮನೆ, ಹಿತ್ತಿಲಲ್ಲಿ ಅದೇ ತುಳಸಿಕಟ್ಟೆಯ ಜಾಗ. ಬಾಗಿಲ ಮೇಲೆ ನಂಬರು. ಹೆಂಗಸರು ಒಬ್ಬರನ್ನೊಬ್ಬರು ಗುರುತಿಸುತ್ತಿದ್ದದ್ದೂ ನಂಬರಿನಲ್ಲೇ: “ಹದಿನಾಲ್ಕನೇ ನಂಬರಿನವರು ಊರಿಗೆ ಹೋಗಿದಾರೆ.”

ರಿಟೈರಾದ ಮೇಲೆ ಕೀಲಿ ಒಪ್ಪಿಸಿ ಹೊರಡಬೇಕಾದ ಮನೆಗೆ ಯಾರು ತಾನೇ ಚಿತ್ತಾರ ಬರೆಸುತ್ತಾರೆ? ಗೋಡೆ ಕಂಪನಿಯದು. ಅದರ ಮೇಲೆ ತಮ್ಮದೆಂದು ಹಾಕಬಹುದಾದದ್ದು, ಹೊರಡುವಾಗ ಮಡಿಚಿ ಟ್ರಂಕಿಗೆ ತುಂಬಿಕೊಳ್ಳಬಹುದಾದದ್ದು ಬಟ್ಟೆ ಮಾತ್ರ. ನನಗೆ ಅನ್ನಿಸುವುದು ಇಷ್ಟೇ: ಗೋಡೆಗೆ ಬಟ್ಟೆ ತೂಗುಹಾಕುವುದು ಗೋಡೆ ತಮ್ಮದಲ್ಲದವರ ಅಲಂಕಾರ. ನೆಲೆ ನಿಂತವರು ಗೋಡೆಯ ಮೇಲೆ ಬರೆಯುತ್ತಾರೆ, ಹೊರಡುವವರು ತೂಗುಹಾಕುತ್ತಾರೆ.

ನೆಲೆ ನಿಂತವರನ್ನು ನೋಡಬೇಕಾದರೆ ಇದೇ ಜಿಲ್ಲೆಯ ಸಾಗರದ ಕಡೆ ಹೋಗಬೇಕು. ಅಲ್ಲಿ ದೀವರ ಸಮುದಾಯದ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹೆಂಗಸರು ಹಸೆ ಚಿತ್ತಾರ ಬರೆಯುತ್ತಾರೆ. ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಮದುವೆಗೆ ಬರೆದ ಹಸೆ ಆ ಗೋಡೆಯಲ್ಲೇ ಇದ್ದು, ಮಾಸಿ, ಮುಂದಿನ ಮದುವೆಯ ಹೊತ್ತಿಗೆ ಅದರ ಮೇಲೇ ಮತ್ತೆ ಕೆಮ್ಮಣ್ಣು ಬೀಳುತ್ತದೆ. ಮನೆ ಬಿಟ್ಟು ಹೋಗುವ ಮಾತೇ ಅಲ್ಲಿಲ್ಲ. ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಅಷ್ಟು ದೊಡ್ಡ ಚಿತ್ತಾರ ಬರೆದವರು ಇದ್ದರೆ ನಾನಂತೂ ಕೇಳಿಲ್ಲ. ಬಾಗಿಲ ಮುಂದಿನ ರಂಗೋಲಿಯಷ್ಟೇ ಇಲ್ಲಿ ನೇರವಾಗಿ ಬರೆದದ್ದು, ಅದೂ ಸಂಜೆಯೊಳಗೆ ಸೈಕಲ್ ಚಕ್ರಕ್ಕೆ ಸಿಕ್ಕಿ ಅಳಿಯುತ್ತಿತ್ತು.

ಗೋಡೆಯ ಬಟ್ಟೆಗಳಲ್ಲಿ ಸುಮ್ಮನೆ ಅಂದಕ್ಕಿದ್ದವು ಕಡಿಮೆ. ಬಾಗಿಲ ನೆತ್ತಿಗೆ ಗಾಜಿನ ಮಣಿ ಪೋಣಿಸಿದ ತೋರಣ, ಕಿಟಕಿಗೆ ಅರ್ಧ ಪರದೆ. 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾದ ಮೇಲೆ ರೇಡಿಯೊ ಇಟ್ಟ ಹಲಗೆಗೆ ಅಂಚಿನಲ್ಲಿ ಕ್ರೋಷಾ ಜಾಲರಿ ಇಳಿಬಿಟ್ಟ ಬಟ್ಟೆ, ರೇಡಿಯೊಗೆ ಬೇರೆ ಗವಸು. ಹಜಾರದ ಮೂಲೆಯಲ್ಲಿ ಕಾಗದ ಪತ್ರ ಸಿಕ್ಕಿಸುವ ಗೋಡೆಚೀಲ: ಉದ್ದನೆಯ ಬಟ್ಟೆಗೆ ಒಂದರ ಕೆಳಗೊಂದು ಮೂರು ಜೇಬು, ಜೇಬಿನ ಮೇಲೆ ಸರಪಣಿ ಹೊಲಿಗೆಯ ಹೂಬಳ್ಳಿ. ಮೇಲಿನದರಲ್ಲಿ ಬಂದ ಕಾಗದಗಳು, ನಡುವಿನದರಲ್ಲಿ ಕರೆಂಟು ಬಿಲ್ಲು, ಕೆಳಗಿನದರಲ್ಲಿ ರೇಷನ್ ಕಾರ್ಡು. ಕಾಗದನಗರದ ಒಂದು ಮನೆಯಲ್ಲಿ ಈ ಗೋಡೆಚೀಲದ ಬೆನ್ನಿಗಿದ್ದದ್ದು ಮಿಲ್ಲಿನ ಫೆಲ್ಟು. ಯಂತ್ರದಲ್ಲಿ ಒದ್ದೆ ಕಾಗದವನ್ನು ಹೊತ್ತು ಒತ್ತುರುಳೆಗಳ ನಡುವೆ ಸಾಗಿಸುವ ದಪ್ಪ ಬಟ್ಟೆ ಅದು. ಸವೆದು ಕೆಲಸಕ್ಕೆ ಬಾರದ್ದರಲ್ಲಿ ಕತ್ತರಿಸಿದ ತುಂಡು. ಕಂಬಳಿಗಿಂತ ಬಿಗಿ, ಸೂಜಿ ಇಳಿಯದು. ಗೋಣಿಚೀಲ ಹೊಲಿಯುವ ದಬ್ಬಣದಲ್ಲಿ ಜೇಬು ಕೂರಿಸಿದ್ದರು. ಮೂವತ್ತು ವರ್ಷಕ್ಕೂ ಅದು ಜೋತುಬಿದ್ದಿಲ್ಲ.

ಶ್ರಾವಣ ಬಂತೆಂದರೆ ಈ ಗೋಡೆಗಳ ಭಾಗ್ಯವೇ ಬೇರೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ರಾತ್ರಿ, ಗಂಡಸರು ಎರಡನೇ ಪಾಳಿ ಮುಗಿಸಿ ಬರುವ ಹೊತ್ತಿಗೆ, ಹಜಾರದ ಒಂದು ಗೋಡೆ ಕಾಣೆಯಾಗಿರುತ್ತಿತ್ತು. ಅದರ ಜಾಗದಲ್ಲಿ ಸೀರೆ.

ಸೀರೆ ಕಟ್ಟುವುದಕ್ಕೆ ಅದರದೇ ಕ್ರಮವಿದೆ. ಮೊದಲು ಹುರಿ. ಕಿಟಕಿಯ ಸರಳಿನಿಂದ ಬಾಗಿಲಿನ ಚಿಲಕದವರೆಗೆ ಎಳೆದು ಬಿಗಿಯಬೇಕು. ಸಡಿಲವಾದರೆ ಸೀರೆಯ ಭಾರಕ್ಕೆ ನಡುವೆ ತೂಗುತ್ತದೆ. ರೇಷ್ಮೆ ಸೀರೆಯೆಂದರೆ ಹಗುರವಲ್ಲ. ಆಮೇಲೆ ಒಂದು ಸಾದಾ ಸೀರೆಯನ್ನೋ ಬಿಳಿ ಪಂಚೆಯನ್ನೋ ಹಿಂಬದಿಗೆ ಹಾಸಬೇಕು, ಗೋಡೆಯ ಸುಣ್ಣ ರೇಷ್ಮೆಗೆ ಹತ್ತದಿರಲೆಂದು. ನಂತರ ನಿಜವಾದ ಸೀರೆ. ಒಬ್ಬರು ಸ್ಟೂಲು ಹತ್ತಿ ಹುರಿಯ ಮೇಲೆ ನೆರಿಗೆ ಹಿಡಿಯಬೇಕು, ಒಬ್ಬರು ಕೆಳಗೆ ನಿಂತು ಅಂಚು ನೆಟ್ಟಗಿದೆಯೇ ನೋಡಬೇಕು, ಇನ್ನೊಬ್ಬರು ಬಾಯಲ್ಲಿ ಪಿನ್ನು ಕಚ್ಚಿಕೊಂಡು ಸಿದ್ಧವಿರಬೇಕು. ನಾಲ್ಕನೆಯವರು ಸಲಹೆ ಕೊಡಲು.

“ಸೆರಗು ಮುಂದೆ ಬರ್ಲಿ ಕಣೇ. ಒಡಲು ಯಾರು ನೋಡ್ತಾರೆ?”

“ಸೆರಗು ಮಧ್ಯಕ್ಕೆ ಬಂದ್ರೆ ಕಳಸ ಇಟ್ಟಾಗ ಮುಚ್ಚಿಹೋಗುತ್ತೆ ಅತ್ತೆ.”

“ಹಂಗಾದ್ರೆ ಎರಡು ಪಕ್ಕಕ್ಕೂ ಬರೋ ಹಂಗೆ ಮಡಿಚು. ಜರಿಗೆ ಪಿನ್ನು ಚುಚ್ಚಬೇಡ ಮತ್ತೆ! ನಂದಲ್ಲ ಆ ಸೀರೆ, ಇಪ್ಪತ್ತೊಂದನೇ ನಂಬರಿನವ್ರದ್ದು.”

ಸ್ವಂತ ಸೀರೆಯಷ್ಟರಲ್ಲೇ ಯಾರ ಮನೆಯ ಹಬ್ಬವೂ ಆಗುತ್ತಿರಲಿಲ್ಲ. ಗಿಣಿಹಸಿರು ನಿಮ್ಮಲ್ಲಿದ್ದರೆ ಅದಕ್ಕೊಪ್ಪುವ ಕುಂಕುಮ ಬಣ್ಣ ಆಚೆ ಸಾಲಿನಲ್ಲಿರುತ್ತದೆ. ಇಸಿದುಕೊಂಡು ಬರುವುದು, ಹಬ್ಬ ಮುಗಿದ ಮೇಲೆ ಮಡಿಕೆ ಬದಲಿಸಿ, ಒಂದು ಬಟ್ಟಲು ಕೋಸಂಬರಿಯ ಜೊತೆ ಹಿಂದಿರುಗಿಸುವುದು. ಸಂಜೆ ಕುಂಕುಮಕ್ಕೆ ಬಂದ ಹೆಂಗಸರು ದೇವಿಗೆ ಕೈಮುಗಿದು ತಲೆಯೆತ್ತಿದೊಡನೆ ಗೋಡೆಯನ್ನು ಓದಿಬಿಡುತ್ತಿದ್ದರು: ಎಡಗಡೆಯದು ಇವರ ಮದುವೆಯದು, ಬಲಗಡೆಯ ಮೈಸೂರು ಸಿಲ್ಕ್ ಮೂವತ್ತನೇ ನಂಬರಿನವರ ಮಗಳ ಸೀಮಂತದ್ದು. ದೀಪ ಮಾತ್ರ ಸೀರೆಯಿಂದ ಒಂದು ಮೊಳವಾದರೂ ದೂರ ಇರಬೇಕು. ಜರಿ ಅಂಚು ಸುಟ್ಟ ಕಥೆ ಪ್ರತಿ ಸಾಲಿನಲ್ಲೂ ಒಂದಿರುತ್ತದೆ, ಸುಟ್ಟದ್ದು ಇಸಿದು ತಂದ ಸೀರೆಯೇ ಆಗಿರುತ್ತದೆ.

ನವರಾತ್ರಿಗೆ ಈ ಕಲೆ ಇನ್ನೂ ಮೇಲೇರುತ್ತಿತ್ತು. ಮೈಸೂರು ಕಡೆಯಿಂದ ಬಂದ ಗುಮಾಸ್ತರು, ಇಂಜಿನಿಯರುಗಳ ಮನೆಯವರು ಪಟ್ಟದ ಗೊಂಬೆ ಕೂರಿಸುತ್ತಿದ್ದರು, ತಮಿಳರ ಮನೆಯಲ್ಲಿ ಕೊಲು. ಮೆಟ್ಟಿಲಿನ ಮೇಲೆ ಹಾಸಿದ್ದೂ ಬಟ್ಟೆ, ಹಿಂದೆ ಕಟ್ಟಿದ್ದೂ ಬಟ್ಟೆ, ಮೇಲ್ಕಟ್ಟೂ ಬಟ್ಟೆ. ಇದರ ಬೇರು ಹಳೆಯದು. ವಿಜಯನಗರಕ್ಕೆ ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಮಹಾನವಮಿಯ ಸಡಗರವನ್ನು ವಿಸ್ತಾರವಾಗಿ ಬರೆದಿದ್ದಾನೆ. ಅರಸನ ಮಂಟಪದ ಗೋಡೆ, ಕಂಬ, ಸೂರು ಎಲ್ಲಕ್ಕೂ ಬೆಲೆಬಾಳುವ ಬಟ್ಟೆ ಹೊದಿಸಿದ್ದರು, ಗೋಡೆಯ ಬಟ್ಟೆಗಳ ಮೇಲೆ ಕಸೂತಿಯ ಹಾಗೆ ಮೂಡಿಸಿದ ಆಕೃತಿಗಳಿದ್ದವು ಎನ್ನುತ್ತಾನೆ. ಕಲ್ಲಿನಲ್ಲಿ ಕುದುರೆ ಆನೆ ಕಡೆಯಬಲ್ಲ ಶಿಲ್ಪಿಗಳಿದ್ದ ಊರು ಅದು. ಆದರೂ ಹಬ್ಬಕ್ಕೆ ಕಲ್ಲು ಸಾಲದು, ಬಟ್ಟೆ ಬೇಕು. ಮಹಾನವಮಿ ವಿಜಯನಗರದಿಂದ ಶ್ರೀರಂಗಪಟ್ಟಣಕ್ಕೆ, ಅಲ್ಲಿಂದ ಮೈಸೂರಿಗೆ ಬಂತು. ಮೈಸೂರಿನಿಂದ ವರ್ಗವಾಗಿ ಬಂದವರ ಟ್ರಂಕಿನಲ್ಲಿ ಕೂತು ಭದ್ರಾವತಿಯ ಎಂಟಡಿ ಗೋಡೆಗೂ ಬಂತು. ಯುರೋಪಿನ ರಾಜರೂ ಕೋಟೆಯಿಂದ ಕೋಟೆಗೆ ಹೋಗುವಾಗ ಗೋಡೆಯ ಚಿತ್ರಗಂಬಳಿಗಳನ್ನು ಸುತ್ತಿಕೊಂಡು ಗಾಡಿಯಲ್ಲಿ ಹೇರಿಸಿ ಒಯ್ಯುತ್ತಿದ್ದರಂತೆ. ಅವರಿಗೂ ಒಂದು ಕಡೆ ನೆಲೆಯಿರಲಿಲ್ಲವಲ್ಲ.

ಹೊಲಿಯಲು ಬಾರದವರಿಗೆ, ಪುರುಸೊತ್ತಿಲ್ಲದವರಿಗೆ ಮಖಮಲ್ಲಿತ್ತು. ಹೆಗಲ ಮೇಲೆ ಹತ್ತಾರು ಹೇರಿಕೊಂಡು, ಒಂದನ್ನು ಎದೆಯ ಮುಂದೆ ಬಿಡಿಸಿ ಹಿಡಿದು ಸಾಲುಸಾಲು ತಿರುಗುವ ಮಾರಾಟಗಾರರು ಬರುತ್ತಿದ್ದರು. ಜಾತ್ರೆಯಲ್ಲಿ ಬೇಲಿಗೆ ಹಗ್ಗ ಕಟ್ಟಿ ತೂಗುಹಾಕಿರುತ್ತಿದ್ದರು. ಅಂಚಿಗೆ ಹೊಂಬಣ್ಣದ ಕುಚ್ಚು, ಮೈಯೆಲ್ಲ ಮಿರಮಿರ. ಜಲಪಾತದ ಬಳಿ ನಿಂತ ಜಿಂಕೆಗಳು, ಹುಲಿ, ನವಿಲು. ಹಳೇನಗರದ ಮುಸ್ಲಿಮರ ಮನೆಯಲ್ಲಿ ಮೆಕ್ಕಾ ಮದೀನಾ, ಕ್ರೈಸ್ತರ ಮನೆಯಲ್ಲಿ ಯೇಸುವಿನ ಕಡೆಯ ಭೋಜನ, ಪಕ್ಕದ ಹಿಂದೂ ಮನೆಯಲ್ಲಿ ಗೀತೋಪದೇಶದ ರಥ. ಮೂರನ್ನೂ ತಂದದ್ದು ಒಬ್ಬನೇ ವ್ಯಾಪಾರಿ, ಕಂತು ವಸೂಲಿಗೆ ಮೂರು ಮನೆಗೂ ಬರುತ್ತಿದ್ದವನೂ ಅವನೇ. ಕಲಾರಸಿಕರು ಈ ಮಖಮಲ್ಲಿನ ಜಿಂಕೆಗಳನ್ನು ಕಂಡು ಮೂಗು ಮುರಿಯುತ್ತಾರೆ. ನನಗೆ ಅವುಗಳ ಮೇಲೆ ಸಿಟ್ಟಿಲ್ಲ. ಕುಲುಮೆಯ ಮುಂದೆ ಎಂಟು ಗಂಟೆ ಬೆಂದು ಬಂದವನಿಗೆ ಎದುರು ಗೋಡೆಯಲ್ಲಿ ಒಂದು ಜಲಪಾತ ಕಂಡರೆ ತಪ್ಪೇನು?

ಬಟ್ಟೆಯ ಅಲಂಕಾರವನ್ನು ಪೂರ್ತಿ ಬಲ್ಲವರು ಮಾತ್ರ ಈ ಊರಿನ ಸುತ್ತಲೇ ಇದ್ದಾರೆ. ಶಿವಮೊಗ್ಗ, ಭದ್ರಾವತಿ, ಶಿಕಾರಿಪುರ, ಹೊನ್ನಾಳಿ ಸೀಮೆಯ ತಾಂಡಾಗಳ ಲಂಬಾಣಿ ಹೆಂಗಸರು. ಅವರ ಗುರು ಸಂತ ಸೇವಾಲಾಲರ ಜನ್ಮಸ್ಥಳವೆನಿಸಿದ ಸೂರಗೊಂಡನಕೊಪ್ಪ ಇಲ್ಲಿಗೆ ದೂರವಲ್ಲ. ಈಗ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿದೆ, 1997ರಲ್ಲಿ ಆ ಜಿಲ್ಲೆ ಆಗುವವರೆಗೆ ಶಿವಮೊಗ್ಗದ್ದೇ. ಫೆಬ್ರವರಿಯಲ್ಲಿ ಜಾತ್ರೆ. ಆಗ ಅಲ್ಲಿ ನಿಂತು ನೋಡಬೇಕು: ಕಾಂಚಳಿಯೆಂಬ ರವಿಕೆಯ ಮೇಲೆ ಕನ್ನಡಿ ಚೂರು, ಫೇಟಿಯಾ ಎಂಬ ಲಂಗದ ಅಂಚಿಗೆ ಕವಡೆ, ನಾಣ್ಯ, ಉಣ್ಣೆಯ ಕುಚ್ಚು. ಬಿಸಿಲು ಬಿದ್ದ ಕಡೆಯೆಲ್ಲ ಬೆಳಕು ಹಾರುತ್ತಿರುತ್ತದೆ. ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ದೇಶ ಸುತ್ತಿದ ಜನ ಇವರು. ಅವರಿಗೆ ಗೋಡೆಯೇ ಇರಲಿಲ್ಲ. ಆದ್ದರಿಂದ ಇರುವ ಅಂದವನ್ನೆಲ್ಲ ಬಟ್ಟೆಗೆ ಹಾಕಿದರು: ಉಡುವ ಬಟ್ಟೆಗೆ, ಕೊಡದ ಕೆಳಗಿನ ಸಿಂಬೆಗೆ, ಎತ್ತಿನ ಜೂಲಿಗೆ, ಅಡಿಕೆ-ಎಲೆ ಚೀಲಕ್ಕೆ.

ಒಂದು ಕಾಂಚಳಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಮೊದಲು ತಿಳಿಯುವುದು ಭಾರ. ಕನ್ನಡಿ ಚೂರಿಗೆ ತೂತಿರುವುದಿಲ್ಲ. ಅದರ ಸುತ್ತ ಅಡ್ಡ ಉದ್ದ ದಾರ ಎಳೆದು ಮೊದಲೊಂದು ಚೌಕಟ್ಟು ಕಟ್ಟುತ್ತಾರೆ, ಆ ಚೌಕಟ್ಟಿನ ಎಳೆಯನ್ನೇ ಸೂಜಿಯಲ್ಲಿ ಸುತ್ತುತ್ತಾ ಸುತ್ತುತ್ತಾ ಕನ್ನಡಿಯ ಅಂಚು ಮುಚ್ಚುತ್ತಾರೆ. ಬಟ್ಟೆ ಹರಿದರೂ ಕನ್ನಡಿ ಕಳಚುವುದಿಲ್ಲ. ಕೆಂಪು, ನೀಲಿ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಕೂರಿಸಿ, ಅಂಚನ್ನು ಹಲ್ಲುಹಲ್ಲಾಗಿ ಮಡಿಚಿ ಹೊಲಿದಿರುತ್ತಾರೆ. ಗೀಟು ಹಾಕಿಕೊಂಡ ಗುರುತೆಲ್ಲೂ ಸಿಗದು. ನಮೂನೆ ಇರುವುದು ಬೆರಳಲ್ಲಿ.

ಈ ಕೆಲಸಕ್ಕೆ ಈಗ ಪೇಟೆಯ ಗೋಡೆಗಳಲ್ಲಿ ಬಹಳ ಬೇಡಿಕೆ. ಸಂಡೂರಿನ ಕುಶಲಕಲಾ ಕೇಂದ್ರ ದಶಕಗಳಿಂದ ಲಂಬಾಣಿ ಹೆಂಗಸರಿಗೆ ಕೆಲಸ ಕೊಟ್ಟು ಗೋಡೆಯ ಪಟ್ಟಿ, ದಿಂಬಿನ ಗವಸು, ಚೀಲಗಳನ್ನು ಮಾಡಿಸುತ್ತಿದೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1,755 ತುಣುಕುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ಪಯಸ್ ಬಟ್ಟೆ ಹೊದ್ದ ಗೋಡೆಗಳನ್ನು ಕಂಡ ಅದೇ ಹಂಪಿ.

ಇದರಲ್ಲಿ ಬೇರೆ ಮಾಡಿ ನೋಡಬೇಕಾದದ್ದೊಂದಿದೆ. ಗೋಡೆಗೆಂದೇ ಹೊಸದಾಗಿ ಹೊಲಿಸಿ, ಕೂಲಿ ಸರಿಯಾಗಿ ಕೊಟ್ಟು ಕೊಂಡರೆ ಅದು ಒಳ್ಳೆಯ ವ್ಯಾಪಾರ. ಆದರೆ ತಾಂಡಾಗಳಿಗೆ ಹೋಗಿ ಮುದುಕಿಯರ ಹಳೇ ಕಾಂಚಳಿ, ಫೇಟಿಯಾಗಳನ್ನು ಸ್ಟೀಲು ಪಾತ್ರೆಗೋ ಪುಡಿಗಾಸಿಗೋ ಎತ್ತಿ, ಕತ್ತರಿಸಿ, ಚೌಕ ಮಾಡಿ, ಚೌಕಟ್ಟು ಹಾಕಿ ಮಾರುವ ದಂಧೆಯೂ ಇದೆ. ಅದನ್ನು ಕೊಳ್ಳುವವರಿಗೆ ತಾವು ಪರಂಪರೆ ಉಳಿಸಿದೆವೆಂಬ ಹೆಮ್ಮೆ ಬೇರೆ. ಒಬ್ಬಾಕೆ ಮೈಮೇಲೆ ಹೊತ್ತದ್ದನ್ನು ತುಂಡು ಮಾಡಿ ತಂದದ್ದು ಎಷ್ಟು ಚೆನ್ನಾಗಿದ್ದರೂ ನನ್ನ ಕಣ್ಣಿಗೆ ಹಿತವಾಗುವುದಿಲ್ಲ. ತಾಂಡಾದ ಒಬ್ಬ ಹೆಂಗಸು ಕೇಳಿದ್ದು ಇನ್ನೂ ನೇರವಾಗಿತ್ತು: “ತೋಳು ಎಲ್ಲಿ ಹೋಯ್ತು ಇದರದು?”

ಕೌದಿಯ ಕಥೆಯೂ ಇದರ ಪಕ್ಕದ್ದೇ. ಹಳೇ ಸೀರೆ, ಪಂಚೆ, ಲಂಗಗಳನ್ನು ಪದರ ಪದರ ಹಾಸಿ ಓಟದ ಹೊಲಿಗೆ ಹಾಕಿದ ಹೊದಿಕೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳು ಈಗ ಅಮೆರಿಕದ ವಸ್ತುಸಂಗ್ರಹಾಲಯಗಳ ಗೋಡೆ ಏರಿವೆ. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಕಡೆಗೆ ನಾಲ್ಕು ಮೂಲೆಗೂ ಮಡಿಕೆಯ ‘ಫುಲಾ’ ಇಡುತ್ತಾರೆ. ಫುಲಾ ಇಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಭದ್ರಾವತಿಯಲ್ಲಿ ಕೌದಿ ಗೋಡೆ ಹತ್ತಿದ್ದಿಲ್ಲ, ಮಂಚ ಇಳಿದದ್ದೂ ಇಲ್ಲ. ಬೆಂಗಳೂರಿನ ಮಗನ ಫ್ಲ್ಯಾಟಿಗೆ ಹೋದ ಅಜ್ಜಿಯೊಬ್ಬರು, ತಾವೇ ಹೊಲಿದುಕೊಟ್ಟ ಕೌದಿ ಸೋಫಾದ ಹಿಂದೆ ಅಗಲವಾಗಿ ತೂಗುತ್ತಿರುವುದನ್ನು ನೋಡಿ ಕೇಳಿದರಂತೆ, “ಗೋಡೆಗೆ ಚಳಿಯೇನೋ ಮಗಾ?”

ಸಾಗರದ ಕಡೆಯಿಂದ ಇನ್ನೊಂದು ಬಗೆಯ ಬಟ್ಟೆ ಬರುತ್ತದೆ. ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ 1990ರ ದಶಕದಲ್ಲಿ ಕಟ್ಟಿದ ಚರಕ, ಹಳ್ಳಿ ಹೆಂಗಸರ ಸಹಕಾರ ಸಂಘ. ಕೈಮಗ್ಗದ ಹತ್ತಿ ಬಟ್ಟೆ, ಗಿಡಮೂಲದ ಬಣ್ಣ. ಅವುಗಳಲ್ಲಿ ನನಗೆ ಬಹಳ ಮೆಚ್ಚಿಗೆ ಅಡಿಕೆ ಚೊಗರಿನ ಬಣ್ಣ. ಕೆಂಪಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಗಟ್ಟಿ ಕಷಾಯ, ಸೀರೆಗೆ ತಗುಲಿದರೆ ಹೋಗದೆಂದು ನಮ್ಮ ಅಮ್ಮಂದಿರು ಬೈಯುತ್ತಿದ್ದದ್ದು, ಅಲ್ಲಿ ಬಟ್ಟೆಗೆ ಬೇಕೆಂದೇ ಹತ್ತಿಸುವ ಬಣ್ಣ. ಸುಣ್ಣದ ಗೋಡೆಯ ಮೇಲೆ ಅದರ ಕಂದುಗೆಂಪಿನಷ್ಟು ಒಪ್ಪುವ ಬಣ್ಣ ಇನ್ನೊಂದಿಲ್ಲ. ಅಂಚಿಗೆ ನಾಲ್ಕು ಬೆರಳಷ್ಟು ಬೇರೆ ಬಣ್ಣ ಇದ್ದರೆ ಸಾಕು, ಕಸೂತಿಯ ಹಂಗು ಬೇಡ.

ಆದರೆ ಮಲೆನಾಡಿನ ಸೆರಗಿನ ಊರಲ್ಲಿ ಗೋಡೆಗೆ ಬಟ್ಟೆ ಎಂದರೆ ಜುಲೈ ತಿಂಗಳಲ್ಲಿ ಬೂಸ್ಟು. ಹೊರಗೋಡೆಗೆ ತೂಗುಹಾಕಬಾರದು, ಮಳೆಯ ತೇವ ಅದರಲ್ಲೇ ಇಳಿಯುವುದು. ಒಳಗೋಡೆಗೆ ಹಾಕಿದರೂ ಮೈಗೆ ಮೈ ತಾಗದ ಹಾಗೆ ಹಾಕಬೇಕು. ಬಲ್ಲವರು ಬಟ್ಟೆಯ ಮೇಲಂಚಿನಲ್ಲಿ ಮಡಿಕೆ ಹೊಲಿದು ಕೋಲು ತೂರಿಸುತ್ತಾರೆ, ಕೋಲಿನ ಎರಡು ತುದಿಗೆ ಹುರಿ ಕಟ್ಟುತ್ತಾರೆ, ಕೆಳಗಂಚಿಗೂ ಒಂದು ತೆಳು ಬೆತ್ತ ತೂರಿಸುತ್ತಾರೆ. ಆಗ ಭಾರ ಒಂದೇ ಕಡೆ ಬೀಳುವುದಿಲ್ಲ, ಬಟ್ಟೆ ಸುರುಟಿಕೊಳ್ಳುವುದಿಲ್ಲ, ಹಿಂದೆ ಗಾಳಿಯಾಡುತ್ತದೆ. ಹಿಂದಿನ ಆ ಸಂದು ಹಲ್ಲಿಗೂ ಅನುಕೂಲವೇ. ಗೋಡೆಯ ಬಟ್ಟೆ ಇರುವ ಮನೆಯಲ್ಲಿ ಲೊಚಗುಟ್ಟುವ ಸದ್ದು ಕೇಳುತ್ತದೆ, ಹಲ್ಲಿ ಕಾಣುವುದಿಲ್ಲ. ದಸರಾ ಕಳೆದು ಬಿಸಿಲು ಬಂದ ಮೇಲೆ ಎಲ್ಲವನ್ನೂ ಇಳಿಸಿ, ಕೊಡವಿ, ನೆರಳಲ್ಲಿ ಗಾಳಿಗೆ ಹಾಕಬೇಕು. ಗಿಡಮೂಲದ ಬಣ್ಣಕ್ಕೆ ನೇರ ಬಿಸಿಲು ಆಗದು, ಸೋಪಿನ ಪುಡಿಯೂ ಆಗದು. ಅಂಟುವಾಳದ ನೊರೆ ಸಾಕು. ಇಳಿಸಿದ ಮೇಲೆ ಗೋಡೆಯಲ್ಲಿ ಬಟ್ಟೆಯಷ್ಟೇ ಅಗಲದ ಬೆಳ್ಳನೆಯ ಚೌಕ ಉಳಿಯುತ್ತದೆ. ಸುತ್ತಲ ಗೋಡೆ ಅಷ್ಟು ಕಂದಿದೆಯೆಂದು ಆಗಲೇ ತಿಳಿಯುವುದು. ಕಾರ್ಖಾನೆ ಭರದಲ್ಲಿ ನಡೆಯುತ್ತಿದ್ದಾಗ ಈ ಚೌಕಗಳು ಇನ್ನೂ ಎದ್ದು ಕಾಣುತ್ತಿದ್ದವು.

ಈಗ ಹೊಗೆ ಕಡಿಮೆ. ಎಂಪಿಎಂ ಯಂತ್ರಗಳು ನಿಂತು ವರ್ಷಗಳಾದವು. ವಿಐಎಸ್‌ಎಲ್ ಮುಚ್ಚುವುದಾಗಿ 2023ರ ಜನವರಿಯಲ್ಲಿ ಮಾತು ಬಂದು, ಕಾರ್ಮಿಕರು ಬೀದಿಗಿಳಿದು, ಆ ವರ್ಷವೇ ಸ್ವಲ್ಪ ಕೆಲಸ ಮತ್ತೆ ಶುರುವಾಯಿತು. ಕ್ವಾರ್ಟರ್ಸುಗಳು ಸಾಲುಸಾಲು ಖಾಲಿ. ರಿಟೈರಾದವರು ಜನ್ನಾಪುರದಲ್ಲೋ ಶಿವಮೊಗ್ಗದ ಹೊಸ ಬಡಾವಣೆಗಳಲ್ಲೋ ಸ್ವಂತ ಮನೆ ಕಟ್ಟಿದ್ದಾರೆ. ಪುಟ್ಟಿ ಹಚ್ಚಿ, ಎಮಲ್ಷನ್ ಬಳಿದ, ಕೈಯಿಟ್ಟರೆ ಜಾರುವ ಗೋಡೆ. ಅವಕ್ಕೆ ಬಟ್ಟೆ ಹಾಕಲು ಯಾರಿಗೂ ಮನಸ್ಸಿಲ್ಲ. ಒಂದು ಗೋಡೆಗೆ ಟಿವಿ, ಎದುರು ಗೋಡೆಗೆ ಮಗನ ಘಟಿಕೋತ್ಸವದ ಫೋಟೊ. ಸ್ವಂತ ಗೋಡೆ ಬಂದೊಡನೆ ಬಟ್ಟೆ ಟ್ರಂಕಿಗೆ ಇಳಿದದ್ದು ನನ್ನ ಮಾತಿಗೆ ಪುರಾವೆಯಾಯಿತೆಂದು ಸಂತೋಷಪಡಲೋ ಬೇಜಾರುಪಡಲೋ ಗೊತ್ತಾಗುವುದಿಲ್ಲ.

ಬಟ್ಟೆ ಈಗ ಮೊಮ್ಮಕ್ಕಳ ಪಾಲಾಗಿದೆ. ಅವರು ಬೆಂಗಳೂರಿನ ಪಿಜಿಗಳಲ್ಲಿ, ಬಾಡಿಗೆ ಮನೆಗಳಲ್ಲಿ ಇರುವವರು. ಕರಾರುಪತ್ರದಲ್ಲೇ ಬರೆದಿರುತ್ತದೆ: ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ. ಆನ್‌ಲೈನಿನಲ್ಲಿ ತರಿಸಿದ ಮಂಡಲದ ಅಚ್ಚಿನ ಬಟ್ಟೆ, ದಾರ ಗಂಟಿಕ್ಕಿದ ಮ್ಯಾಕ್ರಮೆ, ಅವನ್ನು ಹಿಡಿದಿಡಲು ಅಂಟಿಸುವ ಹುಕ್ಕು. ನ್ಯೂಟೌನಿನಲ್ಲಿ ಹುಟ್ಟಿ ಬೆಳೆದ ಒಬ್ಬ ಹುಡುಗಿ ಸೂರಗೊಂಡನಕೊಪ್ಪದ ಜಾತ್ರೆಯಿಂದ ಲಂಬಾಣಿ ಕೆಲಸದ ಉದ್ದನೆಯ ಪಟ್ಟಿಯೊಂದನ್ನು ಕೊಂಡುಹೋಗಿ ಹೀಗೇ ಅಂಟಿಸಿದಳು. ಒಂದು ಕೆಜಿ ತಡೆಯುತ್ತದೆಂದು ಹುಕ್ಕಿನ ಪೊಟ್ಟಣದ ಮೇಲೆ ಬರೆದಿತ್ತು. ಕನ್ನಡಿ, ಕವಡೆ, ನಾಣ್ಯದ ಭಾರ ಅದಕ್ಕೆ ತಿಳಿದಿರಲಿಲ್ಲ. ಮೊದಲ ರಾತ್ರಿಯೇ ಪಟ್ಟಿ ದಬ್ಬೆಂದು ಬಿತ್ತು, ಗೋಡೆಯ ಬಣ್ಣವೂ ಅಂಗೈಯಷ್ಟು ಕಿತ್ತು ಬಂತು. ಅಜ್ಜಿಗೆ ಫೋನು ಹೋಯಿತು. ಕಿಟಕಿಯ ಸರಳಿನಿಂದ ಬೀರುವಿನ ಹಿಡಿಗೆ ಹುರಿ ಎಳೆಯುವುದು ಹೇಗೆಂದು ಅಜ್ಜಿ ವಿಡಿಯೊದಲ್ಲಿ ಕೈಸನ್ನೆ ಮಾಡಿ ಹೇಳಿಕೊಟ್ಟರು, ಹಿಂದೆ ಒಂದು ಹಳೇ ಪಂಚೆ ಹಾಕೆಂದೂ ಸೇರಿಸಿದರು.

ಸದ್ದು ಕೇಳಿ ಅನುಮಾನ ಬಂದು, ಮಾರನೆಯ ದಿನ ಮನೆ ಒಡತಿ ಮೇಲೆ ಬಂದರು. ಬಟ್ಟೆಯ ಅಂಚು ಎತ್ತಿ ಹಿಂದೆಲ್ಲ ಇಣುಕಿದರು. ಮೊಳೆ ಸಿಗಲಿಲ್ಲ. ಕಿತ್ತ ಬಣ್ಣ ಪಂಚೆಯ ಮರೆಯಲ್ಲಿತ್ತು. ಬಟ್ಟೆಯನ್ನು ಕೆಳಗೆ ಬಿಡುತ್ತಾ, ಕನ್ನಡಿಯೊಂದನ್ನು ಉಗುರಿನಿಂದ ಅಲುಗಿಸಿ ನೋಡಿ, “ಎಷ್ಟಮ್ಮ ಕೊಟ್ಟೆ ಇದಕ್ಕೆ? ಮುಂದಿನ ಸಲ ಊರಿಗೆ ಹೋದಾಗ ನಮ್ಮ ಹಾಲಿಗೂ ಒಂದು ತಂದುಕೊಡ್ತೀಯಾ?” ಎಂದರು.